ಹಳೆಯ ಚಾವಣಿಯ ಕೆಳಗೆ ಹೊಸ ಅಂಗಳ: ಸಿಯಾಟಲ್‌ನ ಕ್ಲೈಮೇಟ್ ಪ್ಲೆಡ್ಜ್ ಅರೀನಾ ನವೀಕರಣ ಸಾರ್ಥಕವೇ?

ನೀಡಲ್ ನೆರೆಯವ:

ಸಿಯಾಟಲ್‌ನಲ್ಲಿರುವ ಕನ್ನಡಿಗರಿಗೆ ಒಂದು ಪ್ರಶ್ನೆ. ಸ್ಪೇಸ್ ನೀಡಲ್ ಗೋಪುರದ ಮೇಲಿನಿಂದ ನೋಡಿದರೆ ಪಕ್ಕದಲ್ಲೇ ಕಾಣುವ ಇಳಿಜಾರು ಚಾವಣಿಯ ಕಟ್ಟಡ ಇದೆಯಲ್ಲ, ಈಗ ಕ್ಲೈಮೇಟ್ ಪ್ಲೆಡ್ಜ್ ಅರೀನಾ ಎಂದು ಕರೆಯುವುದು, ಹೊರಗಿನಿಂದ ಅದು ಅಂಥ ದೊಡ್ಡದೇನೂ ಅನಿಸುವುದಿಲ್ಲ. ಒಳಗೆ ಹೋದರೆ ಹದಿನೇಳು ಸಾವಿರಕ್ಕೂ ಹೆಚ್ಚು ಜನ ಕುಳಿತಿರುತ್ತಾರೆ. ನವೀಕರಣಕ್ಕೆ ಸುಮಾರು 115 ಕೋಟಿ ಡಾಲರ್ ಖರ್ಚಾಯಿತಂತೆ. ಅಷ್ಟು ಹಣ ಸುರಿಯುವುದಾದರೆ ಹಳೆಯದನ್ನು ಕೆಡವಿ ಹೊಸದನ್ನೇ ಕಟ್ಟಬಹುದಿತ್ತಲ್ಲ? ಒಂದು ಚಾವಣಿಯನ್ನು ಉಳಿಸಲು ಇಷ್ಟೊಂದು ಹರಸಾಹಸ ಏಕೆ ಮಾಡಿದರು? ಬಲ್ಲವರು ತಿಳಿಸಿ.

ಮಳೆನಾಡಿಗ:

ಒಳ್ಳೆಯ ಪ್ರಶ್ನೆ. ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕಟ್ಟಡ ಮೂಲತಃ ಆಟಕ್ಕಾಗಿ ಹುಟ್ಟಿದ್ದೇ ಅಲ್ಲ. 1962ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ವಿಶ್ವ ಮೇಳ ನಡೆಯಿತು. ಸ್ಪೇಸ್ ನೀಡಲ್, ಮೊನೊರೈಲ್, ಈ ಕಟ್ಟಡ, ಮೂರೂ ಅದೇ ಮೇಳದ ಕೂಸುಗಳು. ವಾಷಿಂಗ್ಟನ್ ರಾಜ್ಯದ ಪ್ರದರ್ಶನ ಮಂಟಪವಾಗಿ ಇದನ್ನು ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಪಾಲ್ ಥೈರಿ. ಒಳಗೆ ಒಂದೇ ಒಂದು ಕಂಬವಿಲ್ಲದೆ ಎಕರೆಗಟ್ಟಲೆ ಜಾಗಕ್ಕೆ ಚಾವಣಿ ಹೊದಿಸಿದ್ದು ಆ ಕಾಲಕ್ಕೆ ದೊಡ್ಡ ಸಾಧನೆ. ಇಪ್ಪತ್ತೊಂದನೆಯ ಶತಮಾನ ಹೇಗಿರುತ್ತದೆ ಎಂದು ತೋರಿಸುವ ಪ್ರದರ್ಶನ ಅದರೊಳಗಿತ್ತು.

ಮೇಳ ಮುಗಿದ ಮೇಲೆ ನಗರವು ಅದನ್ನು ಕೊಂಡು, ಗ್ಯಾಲರಿಗಳನ್ನು ಕೂರಿಸಿ, 1964ರಲ್ಲಿ ಕ್ರೀಡಾಂಗಣವಾಗಿ ತೆರೆಯಿತು. ಸಿಯಾಟಲ್ ಸೆಂಟರ್ ಕೊಲಿಸಿಯಮ್ ಎಂಬ ಹೆಸರು ಆಗ ಬಂತು. ಆ ವರ್ಷದ ಆಗಸ್ಟ್‌ನಲ್ಲೇ ಬೀಟಲ್ಸ್ ಇಲ್ಲಿ ಹಾಡಿದರು, 1966ರಲ್ಲಿ ಮತ್ತೊಮ್ಮೆ ಬಂದರು. ಟೋಟಮ್ಸ್ ಎಂಬ ಐಸ್ ಹಾಕಿ ತಂಡ ಇಲ್ಲಿ ಆಡುತ್ತಿತ್ತು. 1967ರಲ್ಲಿ ಸೂಪರ್‌ಸಾನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಹುಟ್ಟಿದ ಮೇಲಂತೂ ಇದು ಅವರ ಮನೆಯೇ ಆಯಿತು. ಆದರೆ ಅವರು ಎನ್‌ಬಿಎ ಕಿರೀಟ ಗೆದ್ದ 1979ರ ಹೊತ್ತಿಗೆ ತವರಿನ ಪಂದ್ಯಗಳನ್ನು ಇಲ್ಲಿ ಆಡುತ್ತಿರಲಿಲ್ಲ, ಊರಿನ ಇನ್ನೊಂದು ಕ್ರೀಡಾಂಗಣವಾದ ಕಿಂಗ್‌ಡೋಮ್‌ನಲ್ಲಿ ಆಡುತ್ತಿದ್ದರು. ಹೆಚ್ಚು ಜನ ಹಿಡಿಯುತ್ತದೆ ಎಂದು 1978ರಲ್ಲಿ ಅಲ್ಲಿಗೆ ಹೋದವರು 1985ರಲ್ಲಿ ಇಲ್ಲಿಗೇ ಮರಳಿದರು.

ಗ್ಯಾಲರಿಯವಳು:

ಮಳೆನಾಡಿಗರೇ, ಬಬ್ಲೇಟರ್ ಬಿಟ್ಟರೆ ಹೇಗೆ? ಮೇಳದ ಪ್ರದರ್ಶನಕ್ಕೆ ಜನರನ್ನು ಹೊತ್ತು ಮೇಲೇರುತ್ತಿದ್ದ ಪಾರದರ್ಶಕ ಗೋಳದ ಲಿಫ್ಟ್ ಅದು. ಒಂದು ಸಲಕ್ಕೆ ನೂರು ಜನ ಹಿಡಿಯುತ್ತಿತ್ತು. ಈಗ ಅದರ ಗೋಳ ಸಿಯಾಟಲ್‌ನ ದಕ್ಷಿಣಕ್ಕೆ ಯಾರದೋ ಮನೆಯಂಗಳದಲ್ಲಿ ಗಿಡ ಬೆಳೆಸುವ ಹಸಿರುಮನೆಯಾಗಿದೆ. ಇಪ್ಪತ್ತೊಂದನೆಯ ಶತಮಾನಕ್ಕೆ ಜನರನ್ನು ಕರೆದೊಯ್ಯಬೇಕಿದ್ದ ಯಂತ್ರದ ಪಾಡು ನೋಡಿ!

ಇನ್ನೊಂದು ವಿಷಯ, 1986ರ ಜನವರಿ 5. ಸಾನಿಕ್ಸ್ ಮತ್ತು ಫೀನಿಕ್ಸ್ ಸನ್ಸ್ ನಡುವಣ ಪಂದ್ಯ. ಹೊರಗೆ ಮಳೆ, ಚಾವಣಿ ಸೋರಿ ಅಂಗಳಕ್ಕೇ ನೀರು ತೊಟ್ಟಿಕ್ಕತೊಡಗಿತು. ಆಟ ನಿಂತಾಗಲೆಲ್ಲ ಟವೆಲ್ ಹಿಡಿದು ಓಡಿ ಬಂದು ಒರೆಸುವುದು, ಒರೆಸಿದಲ್ಲೇ ಮತ್ತೆ ಹನಿ ಬೀಳುವುದು. ಎರಡನೆಯ ಕ್ವಾರ್ಟರ್‌ನಲ್ಲಿ ರೆಫರಿ ಕೈಚೆಲ್ಲಿ ಆಟ ನಿಲ್ಲಿಸಿದರು, ಉಳಿದದ್ದನ್ನು ಮರುದಿನ ಮುಗಿಸಿದರು. ಮಳೆಯಿಂದ ನಿಂತುಹೋದ ಮೊದಲ ಎನ್‌ಬಿಎ ಪಂದ್ಯ ಅದು. ಒಳಾಂಗಣದಲ್ಲಿ! ಅದೂ ಸಿಯಾಟಲ್‌ನಲ್ಲಿ! ಮಳೆಗೆ ಹೆಸರಾದ ಊರಿನಲ್ಲಿ ಚಾವಣಿಗೆ ಇದ್ದದ್ದೇ ಒಂದು ಕೆಲಸ.

ನೀಡಲ್ ನೆರೆಯವ:

ಹಾಗಾದರೆ ನನ್ನ ಪ್ರಶ್ನೆಗೆ ಇನ್ನಷ್ಟು ಬಲ ಬಂತು. ಸೋರುವ ಚಾವಣಿಯನ್ನು ಯಾರಾದರೂ ಪಾರಂಪರಿಕ ಆಸ್ತಿ ಎಂದು ಕಾಪಾಡುತ್ತಾರೆಯೇ?

ಉಕ್ಕಿನೆಲುಬು:

ನಾನು ಕಟ್ಟಡ ರಚನೆಯ ಎಂಜಿನಿಯರ್. ಈ ಯೋಜನೆಯಲ್ಲಿ ಕೆಲಸ ಮಾಡಿದವನಲ್ಲ, ಆದರೆ ನಮ್ಮ ವೃತ್ತಿಯವರು ಇದನ್ನು ಬಿಡದೆ ಗಮನಿಸಿದ್ದಾರೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸೋರಿದ ಚಾವಣಿ ಬೇರೆ, ಇಂದು ಕಾಣುವ ಚಾವಣಿ ಬೇರೆ. 1962ರ ಮೂಲ ರಚನೆಯಲ್ಲಿ ನಾಲ್ಕು ದಿಕ್ಕಿನ ಕಾಂಕ್ರೀಟ್ ಆಧಾರಗಳಿಂದ ಮೇಲೆದ್ದ ನಾಲ್ಕು ಓರೆ ಉಕ್ಕಿನ ಟ್ರಸ್‌ಗಳು (ತ್ರಿಕೋನಗಳಾಗಿ ಹೆಣೆದ ಚೌಕಟ್ಟಿನ ತೊಲೆಗಳು) ನಡುವಿನಲ್ಲಿ ಕೂಡುತ್ತಿದ್ದವು. ಅವುಗಳ ನಡುವಿನ ಜಾಗದಲ್ಲಿ ಉಕ್ಕಿನ ಹಗ್ಗಗಳ ಬಲೆ, ಅದರ ಮೇಲೆ ಅಲ್ಯೂಮಿನಿಯಂ ಫಲಕಗಳು. ಈ ಆಕಾರಕ್ಕೆ ಹೈಪರ್‌ಬೋಲಿಕ್ ಪ್ಯಾರಾಬೊಲಾಯ್ಡ್ ಎನ್ನುತ್ತಾರೆ. ಒಂದು ದಿಕ್ಕಿನಲ್ಲಿ ಮೇಲಕ್ಕೂ ಅಡ್ಡ ದಿಕ್ಕಿನಲ್ಲಿ ಕೆಳಕ್ಕೂ ಬಾಗಿರುತ್ತದೆ, ಹೀಗಿದ್ದೂ ಅದರ ಮೇಲೆ ನೇರ ಗೆರೆಗಳನ್ನೇ ಎಳೆಯಬಹುದು. ಆದ್ದರಿಂದ ಕಡಿಮೆ ಸಾಮಗ್ರಿಯಲ್ಲಿ ಅಗಲವಾದ ಜಾಗವನ್ನು ಮುಚ್ಚಬಹುದು. ತೊಂದರೆ ಎಂದರೆ ಹಗ್ಗದ ಚಾವಣಿ ಗಾಳಿಗೂ ಬಿಸಿಲಿಗೂ ಅಲುಗಾಡುತ್ತಿರುತ್ತದೆ, ಅದರ ಮೇಲಿನ ಫಲಕಗಳ ಸಂದುಗಳನ್ನು ನೀರು ಸೋರದಂತೆ ಹಿಡಿದಿಡುವುದು ಕಷ್ಟ.

1994ರ ಬೇಸಿಗೆಯಲ್ಲಿ ಮೊದಲ ದೊಡ್ಡ ನವೀಕರಣ ಶುರುವಾಯಿತು. ಹಗ್ಗಗಳನ್ನು ತೆಗೆದು ಉಕ್ಕಿನ ಟ್ರಸ್‌ಗಳನ್ನು ಕೂರಿಸಿದರು. ನಾಲ್ಕು ಓರೆ ತೋಳುಗಳು ಮತ್ತು ಹೊರಗಿನ ಆಕಾರ ಮಾತ್ರ ಹಾಗೆಯೇ ಉಳಿದವು. ಆಟದ ಅಂಗಳವನ್ನು ರಸ್ತೆಯ ಮಟ್ಟಕ್ಕಿಂತ 35 ಅಡಿ ಕೆಳಗೆ ಇಳಿಸಿದರು, ಹಾಗೆ ಮಾಡಿದ್ದರಿಂದ ಚಾವಣಿ ಎತ್ತರಿಸದೆಯೇ ಸುಮಾರು ಹದಿನೇಳು ಸಾವಿರ ಆಸನ ಸಿಕ್ಕಿತು. ಆ ಒಂದು ವರ್ಷ ಸಾನಿಕ್ಸ್ ಪಕ್ಕದೂರಿನ ಟಕೋಮಾ ಡೋಮ್‌ನಲ್ಲಿ ಆಡಿದರು. 1995ರಲ್ಲಿ ಬ್ಯಾಂಕೊಂದರ ಹೆಸರು ಹೊತ್ತು ಕೀ ಅರೀನಾ ಎಂದು ಮತ್ತೆ ತೆರೆಯಿತು.

ಎರಡನೆಯದು 2018ರ ಡಿಸೆಂಬರ್‌ನಲ್ಲಿ ಆರಂಭವಾದದ್ದು, ನೀವು ಕೇಳುತ್ತಿರುವುದು. ಇಷ್ಟರಲ್ಲಿ ನಗರದ ಪಾರಂಪರಿಕ ಕಟ್ಟಡಗಳ ಮಂಡಳಿ 2017ರಲ್ಲಿ ಇದಕ್ಕೆ ಸಂರಕ್ಷಿತ ಸ್ಥಾನ ಕೊಟ್ಟಿತ್ತು. ಚಾವಣಿ, ಆಧಾರಗಳು, ಹೊರಗಿನ ಗಾಜಿನ ಗೋಡೆ, ಯಾವುದನ್ನೂ ಕೆಡವುವಂತಿಲ್ಲ. ಚಾವಣಿಯ ತೂಕ 4.4 ಕೋಟಿ ಪೌಂಡ್, ಅಂದರೆ ಸುಮಾರು 20,000 ಟನ್. ಒಳಗಿನ ಜಾಗವೋ ಸಾಲದು. ಉಳಿದಿದ್ದದ್ದು ಒಂದೇ ದಾರಿ: ಚಾವಣಿ ಇದ್ದಲ್ಲೇ ಇರಬೇಕು, ಅದರ ಕೆಳಗಿನ ಎಲ್ಲವನ್ನೂ ತೆಗೆಯಬೇಕು, ಇನ್ನೂ ಆಳಕ್ಕೆ ಅಗೆಯಬೇಕು.

ಹೇಗೆ ಮಾಡಿದರು? ಮೊದಲು ಹಳೆಯ ಕಂಬಗಳ ಅಕ್ಕಪಕ್ಕ 72 ತಾತ್ಕಾಲಿಕ ಉಕ್ಕಿನ ಕಂಬಗಳನ್ನು ನೆಲದಾಳಕ್ಕೆ ಊರಿದರು. ಚಾವಣಿಯ ಭಾರವನ್ನು ಅವುಗಳ ಮೇಲೆ ದಾಟಿಸಿದರು. ಸಿಯಾಟಲ್ ಭೂಕಂಪದ ಊರು, ನೇರವಾಗಿ ಬೀಳುವ ಭಾರವನ್ನು ಹೊತ್ತರಷ್ಟೇ ಸಾಲದು, ಅಡ್ಡ ಅಲುಗಾಟವನ್ನೂ ತಡೆಯಬೇಕು. ಅದಕ್ಕಾಗಿ ಓರೆಯಾದ ಉಕ್ಕಿನ ಆನಿಕೆಗಳನ್ನು ಕೊಟ್ಟರು. ಆಮೇಲೆ ಹಳೆಯ ಕಂಬಗಳ ಬುಡವನ್ನು ಕತ್ತರಿಸಿ, ಅಡಿಪಾಯ ಕಿತ್ತು, ಮಣ್ಣು ತೆಗೆಯುತ್ತಾ ಕೆಳಗಿಳಿದರು. 1995ರ ಮಟ್ಟಕ್ಕಿಂತ ಇನ್ನೂ ಸುಮಾರು 15 ಅಡಿ ಆಳಕ್ಕೆ. ತಳ ಮುಟ್ಟಿದ ಮೇಲೆ ಹೊಸ ಅಡಿಪಾಯ, ಅಲ್ಲಿಂದ ಮೇಲಕ್ಕೆ ಹೊಸ ಕಾಂಕ್ರೀಟ್ ಕಂಬಗಳು, ಅವು ಬಂದು ಹಳೆಯ ಕಂಬಗಳ ತುಂಡಾದ ತುದಿಗಳನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಭಾರವನ್ನು ಮತ್ತೆ ಅವುಗಳ ಮೇಲೆ ಇಳಿಸಿ ತಾತ್ಕಾಲಿಕ ಉಕ್ಕನ್ನು ಕತ್ತರಿಸಿ ಹೊರಹಾಕಿದರು.

ಇದರಲ್ಲಿ ನಿಜವಾದ ನಾಜೂಕು ಇರುವುದು ಭಾರ ದಾಟಿಸುವ ಆ ಹೊತ್ತಿನಲ್ಲಿ. ಎಲ್ಲ ಕಂಬಗಳೂ ಒಂದೇ ಹದದಲ್ಲಿ ಭಾರ ಹೊರಬೇಕು. ಒಂದು ಕಡೆ ಸ್ವಲ್ಪ ತಗ್ಗಿದರೂ ಆ ಭಾಗದ ಹೊರೆ ಪಕ್ಕದ್ದರ ಮೇಲೆ ಬೀಳುತ್ತದೆ, ಗಾಜಿನ ಗೋಡೆ ಬಿರುಕು ಬಿಡುತ್ತದೆ. ಚಾವಣಿ ಕದಲುತ್ತಿದೆಯೇ ಎಂದು ಅಳೆಯುತ್ತಲೇ ಇರಬೇಕಾಗುತ್ತದೆ. ಅತ್ತ ನಡುವಿನಲ್ಲಿ ಜೆಸಿಬಿಗಳು ಅಗೆಯುತ್ತಿರುತ್ತವೆ.

ನೆರೆಯವರ ಪ್ರಶ್ನೆಗೆ ನೇರ ಉತ್ತರ: ಹೌದು, ಖಾಲಿ ನಿವೇಶನದಲ್ಲಿ ಕಟ್ಟುವುದು ಸುಲಭ. ಆದರೆ ಕಾನೂನಿನ ಪ್ರಕಾರ ಇಲ್ಲಿ ಕೆಡವುವ ಆಯ್ಕೆಯೇ ಉಳಿದಿರಲಿಲ್ಲ.

ಗ್ಯಾಲರಿಯವಳು:

ಅದ್ಭುತ ವಿವರಣೆ ಸರ್. ತಲೆಯ ಮೇಲಿನ ಹೊರೆ ಇಳಿಸದೆ ಕಾಲಿನ ಚಪ್ಪಲಿ ಬದಲಿಸಿದ ಹಾಗಾಯಿತು.

ಲೆಕ್ಕದಯ್ಯ:

ಎಂಜಿನಿಯರುಗಳ ಕೈಚಳಕಕ್ಕೆ ನನ್ನದೂ ಸಲಾಂ. ಆದರೆ ಈ ಕಟ್ಟಡದ ಚರಿತ್ರೆಯಲ್ಲಿ ಅತಿ ದೊಡ್ಡ ಘಟನೆ ಚಾವಣಿಯದಲ್ಲ, ತಂಡ ಊರು ಬಿಟ್ಟದ್ದು. ಅದನ್ನು ಯಾರೂ ಎತ್ತಲೇ ಇಲ್ಲವಲ್ಲ.

1996ರಲ್ಲಿ ಸಾನಿಕ್ಸ್ ಫೈನಲ್ ತಲುಪಿ ಮೈಕಲ್ ಜೋರ್ಡನ್‌ನ ಶಿಕಾಗೊ ಬುಲ್ಸ್‌ಗೆ 4-2ರಿಂದ ಸೋತಿತು. ಹೊಸ ಅಂಗಳ, ತುಂಬಿದ ಗ್ಯಾಲರಿ, ಎಲ್ಲವೂ ಚೆನ್ನಾಗಿತ್ತು. ಹತ್ತು ವರ್ಷ ತುಂಬುವ ಮೊದಲೇ ಮಾಲೀಕರು ಅಂಗಳ ಚಿಕ್ಕದು, ಐಷಾರಾಮಿ ಕೊಠಡಿಗಳು ಸಾಲವು, ಆದಾಯ ಹುಟ್ಟುವುದಿಲ್ಲ ಎಂದು ರಾಗ ತೆಗೆದರು. ಸರ್ಕಾರದ ಹಣದಲ್ಲಿ ಮತ್ತೆ ಕಟ್ಟಿಸಿ ಕೊಡಿ ಎಂಬುದು ಒಳಮಾತು. ಜನ ಸುಮ್ಮನಿರಲಿಲ್ಲ. 2006ರ ನವೆಂಬರ್‌ನಲ್ಲಿ 91ನೆಯ ಉಪಕ್ರಮ ಎಂಬ ಪ್ರಸ್ತಾವವನ್ನು ಮತಕ್ಕೆ ಹಾಕಿದಾಗ ಸುಮಾರು 74 ಶೇಕಡಾ ಮತದಾರರು ಒಪ್ಪಿದರು. ವೃತ್ತಿಪರ ತಂಡಗಳಿಗೆ ನಗರ ಹಣ ಹೂಡಿದರೆ ಸರ್ಕಾರಿ ಬಾಂಡ್‌ನಷ್ಟಾದರೂ ಆದಾಯ ಬರಲೇಬೇಕು ಎಂಬುದು ಅದರ ಸಾರ. ಕ್ರೀಡೆಯ ಮೇಲಿನ ದ್ವೇಷದಿಂದ ಬಂದ ಮತ ಅದಲ್ಲ. ಕಿಂಗ್‌ಡೋಮ್ ನೆನಪು ಇನ್ನೂ ಹಸಿಯಾಗಿತ್ತು. 1976ರಲ್ಲಿ ತೆರೆದು, 2000ದ ಮಾರ್ಚ್‌ನಲ್ಲಿ ಸಿಡಿಮದ್ದಿಟ್ಟು ಉರುಳಿಸಿದ ಆ ಕ್ರೀಡಾಂಗಣದ ಸಾಲ ತೀರಿದ್ದು 2015ರಲ್ಲಿ! ಕಟ್ಟಡ ಧೂಳಾಗಿ ಹದಿನೈದು ವರ್ಷ ತೆರಿಗೆದಾರ ಕಂತು ಕಟ್ಟಿದ.

ಅದೇ 2006ರಲ್ಲಿ ತಂಡ ಒಕ್ಲಹೋಮದ ಹೂಡಿಕೆದಾರರ ಕೈಗೆ 35 ಕೋಟಿ ಡಾಲರ್‌ಗೆ ಮಾರಾಟವಾಯಿತು. ಎರಡು ವರ್ಷಗಳಲ್ಲಿ ಗಂಟುಮೂಟೆ. ಗುತ್ತಿಗೆ ಮುರಿದದ್ದಕ್ಕೆ ನಗರಕ್ಕೆ ಕೊಟ್ಟದ್ದು 4.5 ಕೋಟಿ ಡಾಲರ್. 41 ವರ್ಷಗಳ ನಂಟು ಹೀಗೆ ಹರಿಯಿತು.

ಮಳೆನಾಡಿಗ:

ಲೆಕ್ಕದಯ್ಯನವರೇ, ಒಪ್ಪಿದೆ. ಆದರೆ ಒಂದನ್ನು ಸೇರಿಸಿ. 2008ರ ನಂತರ ಆ ಕಟ್ಟಡ ಪಾಳು ಬೀಳಲಿಲ್ಲ, ಅದಕ್ಕೆ ಕಾರಣ ಹೆಣ್ಣುಮಕ್ಕಳು. ಸಿಯಾಟಲ್ ಸ್ಟಾರ್ಮ್ ತಂಡ 2000ದಿಂದ ಇಲ್ಲಿದೆ. 2004, 2010, 2018, 2020, ನಾಲ್ಕು ಸಲ ಡಬ್ಲ್ಯುಎನ್‌ಬಿಎ ಗೆದ್ದವರು. ಪುರುಷರ ತಂಡವನ್ನು ಕೊಂಡವರೇ ಮಹಿಳೆಯರ ತಂಡವನ್ನೂ ಕೊಂಡಿದ್ದರು, ಅದೂ ಹೋಗುತ್ತಿತ್ತು. ಸ್ಥಳೀಯ ಮಹಿಳೆಯರ ಗುಂಪೊಂದು 2008ರಲ್ಲಿ ಅದನ್ನು ಕೊಂಡು ಊರಿನಲ್ಲೇ ಉಳಿಸಿಕೊಂಡಿತು. ನವೀಕರಣ ನಡೆದಷ್ಟು ಕಾಲ ಅವರು ವಿಶ್ವವಿದ್ಯಾಲಯದ ಅಂಗಳ, ಎವರೆಟ್ ಎಂದು ಅಲೆದಾಡಿ 2022ರಲ್ಲಿ ಮನೆಗೆ ಮರಳಿದರು. ಆ ಆಗಸ್ಟ್‌ನಲ್ಲಿ ತಂಡದ ಹಿರಿಯ ಆಟಗಾರ್ತಿ ಸ್ಯೂ ಬರ್ಡ್ ಅವರ ಲೀಗ್ ಹಂತದ ಕೊನೆಯ ತವರು ಪಂದ್ಯಕ್ಕೆ 18,100 ಜನ ಸೇರಿದ್ದರು. ಜನ ಬರುವುದಿಲ್ಲ ಎಂದು ಕೈಬಿಟ್ಟ ಊರು ಇದೇ!

ನೀಡಲ್ ನೆರೆಯವ:

ಬ್ಯಾಸ್ಕೆಟ್‌ಬಾಲ್ ತಂಡ ಹೋದ ಮೇಲೆ, ಈಗ ಇಲ್ಲಿ ಆಡುವ ಕ್ರಾಕನ್ ಐಸ್ ಹಾಕಿ ತಂಡವನ್ನು ಅದೇ ಕೀ ಅರೀನಾಕ್ಕೆ ತರಬಹುದಿತ್ತಲ್ಲ? ಇಡೀ ಒಳಭಾಗ ಕಿತ್ತುಹಾಕಬೇಕಿತ್ತೇ?

ಉಕ್ಕಿನೆಲುಬು:

ಸಾಧ್ಯವಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಗಳ 94 ಅಡಿ ಉದ್ದ, 50 ಅಡಿ ಅಗಲ. ಐಸ್ ಹಾಕಿಯ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನ ಹಿಮದಂಗಳ 200 ಅಡಿ ಉದ್ದ, 85 ಅಡಿ ಅಗಲ. ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗಿಂತ ಹೆಚ್ಚು. 1995ರ ವಿನ್ಯಾಸ ಪೂರ್ತಿ ಬ್ಯಾಸ್ಕೆಟ್‌ಬಾಲ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು, ಆಸನಗಳನ್ನು ಅಂಗಳದ ಅಂಚಿಗೇ ತಂದಿದ್ದರು. ಥಂಡರ್‌ಬರ್ಡ್ಸ್ ಎಂಬ ಕಿರಿಯರ ಹಾಕಿ ತಂಡ ಅಲ್ಲಿ ಆಡುವಾಗ ಹಿಮದಂಗಳವನ್ನು ಒಂದು ಬದಿಗೆ ಸರಿಸಿ ಹಾಕಬೇಕಾಗುತ್ತಿತ್ತು, ಅಂಕಫಲಕ ನಡುವಿನಲ್ಲಿ ಇರುತ್ತಿರಲಿಲ್ಲ, ಕೆಲವು ಆಸನಗಳಿಂದ ಆಟವೇ ಕಾಣುತ್ತಿರಲಿಲ್ಲ. ಬಹೂಪಯೋಗಿ ಅಂಗಳ ಕಟ್ಟುವಾಗ ಮೊದಲು ಹಿಮದಂಗಳದ ಅಳತೆಗೆ ಆಸನಗಳ ಬಟ್ಟಲು ಮಾಡಿ, ಬ್ಯಾಸ್ಕೆಟ್‌ಬಾಲ್‌ಗೆ ಮಡಚುವ ಆಸನಗಳನ್ನು ಮುಂದಕ್ಕೆ ಎಳೆಯುವಂತೆ ಮಾಡಬೇಕು. ದೊಡ್ಡದನ್ನು ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡಲಾಗುವುದಿಲ್ಲ.

ಸಂಗೀತ ಕಚೇರಿಗಳಿಗೂ ಇದೇ ಕಥೆ. ಈಗಿನ ದೊಡ್ಡ ಕಾರ್ಯಕ್ರಮಗಳು ಧ್ವನಿ, ಬೆಳಕಿನ ಸಲಕರಣೆಗಳನ್ನು ಚಾವಣಿಯಿಂದಲೇ ತೂಗುಹಾಕುತ್ತವೆ. ಅದಕ್ಕೆ ಚಾವಣಿಯಲ್ಲಿ ಬಲ ಬೇಕು, ಲಾರಿಗಳು ಅಂಗಳದ ಮಟ್ಟಕ್ಕೇ ಇಳಿದು ಬರಲು ದಾರಿ ಬೇಕು. ಹೊಸ ವಿನ್ಯಾಸದಲ್ಲಿ ದಕ್ಷಿಣ ಭಾಗದಲ್ಲಿ ನೆಲದಡಿ ವಿಸ್ತರಿಸಿ ಸುರಂಗ ಮಾರ್ಗ ಕೊಟ್ಟಿದ್ದಾರೆ. ಪ್ರೇಕ್ಷಕರಿಗೆ ಕಾಣದ ಈ ಸುರಂಗವೇ, ನನ್ನ ಮಟ್ಟಿಗೆ, ಇಡೀ ನವೀಕರಣದ ಅತ್ಯಂತ ಉಪಯುಕ್ತ ಭಾಗ. ಕಟ್ಟಡದ ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಲೆಕ್ಕದಯ್ಯ:

ಈಗ ಹಣದ ವಿಷಯ. ಊರಿನ ದಕ್ಷಿಣದಲ್ಲಿ ಬೇರೊಂದು ಹೊಸ ಅರೀನಾ ಕಟ್ಟುವ ಪ್ರಸ್ತಾಪ ಇತ್ತು. ಅದಕ್ಕಾಗಿ ಒಂದು ರಸ್ತೆಯ ತುಂಡನ್ನು ಬಿಟ್ಟುಕೊಡಬೇಕಿತ್ತು. 2016ರ ಮೇ ತಿಂಗಳಲ್ಲಿ ನಗರ ಪರಿಷತ್ತು 5-4ರ ಮತದಿಂದ ಆಗದು ಎಂದಿತು. ಒಂದೇ ಒಂದು ಮತ ಆಚೀಚೆ ಆಗಿದ್ದರೆ ನಾವು ಇಲ್ಲಿ ಚಾವಣಿಯ ಮಾತನಾಡುತ್ತಲೇ ಇರುತ್ತಿರಲಿಲ್ಲವೇನೋ.

ಆಮೇಲೆ ಓಕ್ ವ್ಯೂ ಗ್ರೂಪ್ ಎಂಬ ಖಾಸಗಿ ಕಂಪನಿ ತನ್ನದೇ ಹಣದಲ್ಲಿ ಹಳೆಯದನ್ನು ನವೀಕರಿಸುವುದಾಗಿ ಮುಂದೆ ಬಂತು. ಆಗ ಹೇಳಿದ ಅಂದಾಜು ಸುಮಾರು 60 ಕೋಟಿ ಡಾಲರ್. ಮುಗಿಯುವಾಗ ಹೆಚ್ಚುಕಡಿಮೆ ಎರಡು ಪಟ್ಟು. ಈ ಏರಿಕೆ ನಗರದ ಬೊಕ್ಕಸದ ಮೇಲೆ ಬೀಳಲಿಲ್ಲ, ಕಂಪನಿಯ ಮೇಲೆ ಬಿತ್ತು, ಇದು ಒಪ್ಪಂದದ ಒಳ್ಳೆಯ ಗುಣ. ಕಟ್ಟಡದ ಒಡೆತನ ಇಂದಿಗೂ ನಗರದ್ದೇ, ಕಂಪನಿಗೆ 39 ವರ್ಷಗಳ ಗುತ್ತಿಗೆ. ಆದರೆ ಖಾಸಗಿಯವರು ಯಾರೂ ಧರ್ಮಕ್ಕೆ ಹಣ ಹಾಕುವುದಿಲ್ಲ. ಹೂಡಿದ ಪ್ರತಿ ಡಾಲರ್ ಟಿಕೆಟ್, ಪಾರ್ಕಿಂಗ್, ಊಟತಿಂಡಿಯಿಂದಲೇ ಹಿಂದಿರುಗಬೇಕು. ಮೊದಲು ತೆರಿಗೆದಾರ ಕೊಡುತ್ತಿದ್ದ, ಈಗ ಪ್ರೇಕ್ಷಕ ಕೊಡುತ್ತಾನೆ. ಎರಡನೆಯದು ಹೆಚ್ಚು ನ್ಯಾಯ ಎಂದು ನಾನೂ ಒಪ್ಪುತ್ತೇನೆ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವ ಸಾಮಾನ್ಯ ಸಂಸಾರಕ್ಕೆ ಸಾರ್ವಜನಿಕ ಅಂಗಳ ಎಂಬ ಮಾತು ಎಷ್ಟು ಉಳಿಯಿತು?

ಇನ್ನು ಹೆಸರು. 2020ರ ಜೂನ್‌ನಲ್ಲಿ ಅಮೆಜಾನ್ ಹೆಸರಿಡುವ ಹಕ್ಕು ಕೊಂಡಿತು, ಆದರೆ ತನ್ನ ಹೆಸರನ್ನಿಡದೆ, ಕಂಪನಿಗಳು ಇಂಗಾಲದ ಹೊಗೆ ತಗ್ಗಿಸುವುದಾಗಿ ಮಾಡುವ ಹವಾಮಾನದ ಪ್ರತಿಜ್ಞೆಯ (ಕ್ಲೈಮೇಟ್ ಪ್ಲೆಡ್ಜ್) ಹೆಸರಿಟ್ಟಿತು. ವಿನಯವೋ ಜಾಣತನವೋ ನೀವೇ ನಿರ್ಧರಿಸಿ.

ಗ್ಯಾಲರಿಯವಳು:

ಜಾಣತನವೇ ಇರಲಿ, ಅದರ ಜೊತೆ ಬಂದ ಕೆಲವು ಕೆಲಸ ನನಗೆ ಇಷ್ಟ. ಚಾವಣಿಯ ಮೇಲೆ ಬೀಳುವ ಮಳೆನೀರನ್ನು ನೆಲದಡಿಯ ತೊಟ್ಟಿಯಲ್ಲಿ ಹಿಡಿದಿಟ್ಟು, ಸೋಸಿ, ಐಸ್ ಹಾಕಿಯ ಅಂಗಳಕ್ಕೆ ಹಿಮ ಮಾಡುತ್ತಾರೆ. 1986ರಲ್ಲಿ ಆಟ ಕೆಡಿಸಿದ ಮಳೆಯ ಮೇಲೇ ಈಗ ಆಟ! ಹಿಮ ನುಣುಪು ಮಾಡುವ ಗಾಡಿಗಳು ವಿದ್ಯುತ್ತಿನವು, ದಿನನಿತ್ಯದ ಬಳಕೆಗೆ ಅನಿಲವಿಲ್ಲ. ಕ್ರಾಕನ್ ಪಂದ್ಯದ ಟಿಕೆಟ್ ಇದ್ದವರಿಗೆ ಬಸ್, ರೈಲು ಉಚಿತ ಎಂದು ಆರಂಭದಿಂದಲೇ ಮಾಡಿದ್ದರು. ಸಾವಿರಾರು ಜನ ಒಂದೇ ಹೊತ್ತಿಗೆ ಬರುವ ಕಡೆ ಕಾರು ಕಡಿಮೆ ಮಾಡುವುದೇ ಹವಾಮಾನಕ್ಕೆ ನಿಜವಾದ ಉಪಕಾರ, ಗೋಡೆಯ ಮೇಲೆ ಬೆಳೆಸಿದ ಗಿಡಗಳಲ್ಲ.

ಲೆಕ್ಕದಯ್ಯ:

ಮೇಡಂ, ಗೋಡೆಯ ಗಿಡಗಳ ವಿಷಯದಲ್ಲಿ ನಾವಿಬ್ಬರೂ ಒಂದೇ ಪಕ್ಷ. ಅಷ್ಟು ಸಾಕು ಇವತ್ತಿಗೆ.

ನೀಡಲ್ ನೆರೆಯವ:

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳಿದಿದೆ. ಉಕ್ಕಿನೆಲುಬು ಅವರ ಪ್ರಕಾರ ಹಗ್ಗದ ಚಾವಣಿ 1994ರಲ್ಲೇ ಹೋಯಿತು. ಕಂಬಗಳ ಬುಡ ಹೊಸದು, ನೆಲ ಹೊಸದು, ಆಸನ ಹೊಸದು. ಹಾಗಿದ್ದರೆ ಉಳಿಸಿದ್ದಾದರೂ ಏನನ್ನು?

ಮಳೆನಾಡಿಗ:

ಆಕಾರವನ್ನು. ಅದು ಕಡಿಮೆಯೇ? ಊರವರಿಗೆ ಈ ಕಟ್ಟಡ ಎಂದರೆ ಸ್ಪೇಸ್ ನೀಡಲ್ ಪಕ್ಕದ ಆ ನಾಲ್ಕು ಇಳಿಜಾರುಗಳು. ಒಳಗಿನದು ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ, ಮೇಳದ ಮಂಟಪ, ಸೋರುವ ಕೊಲಿಸಿಯಮ್, ಕೀ ಅರೀನಾ, ಈಗಿನದು. ಕಿಂಗ್‌ಡೋಮ್‌ಗೆ ಆ ಭಾಗ್ಯ ಇರಲಿಲ್ಲ. 24 ವರ್ಷ ಲಕ್ಷಾಂತರ ಜನ ಕುಳಿತ ಜಾಗ ಅದು, ಕೆಡವುವ ದಿನ ಅತ್ತವರಿಗಿಂತ ನೋಡಲು ಬಂದವರೇ ಹೆಚ್ಚು ಎಂದು ನನ್ನ ಅನಿಸಿಕೆ. ಕಾಂಕ್ರೀಟಿನ ಗುಡ್ಡೆಯ ಆಕಾರವನ್ನು ಯಾರೂ ಪ್ರೀತಿಸಿರಲಿಲ್ಲ. ಥೈರಿಯವರ ಚಾವಣಿ ಸೋರಿದರೂ ಚೆಂದವಿತ್ತು, ಚೆಂದವಿದ್ದದ್ದರಿಂದ ದುರಸ್ತಿ ಮಾಡಿಸುವ ಮನಸ್ಸು ಬಂತು.

ಉಕ್ಕಿನೆಲುಬು:

ನನ್ನದು ಇನ್ನೂ ಒಣ ಉತ್ತರ. ನಾಲ್ಕು ಓರೆ ತೋಳುಗಳು, ನಾಲ್ಕು ಕಾಂಕ್ರೀಟ್ ಆಧಾರಗಳು, ಸುತ್ತಲಿನ ವೈ ಆಕಾರದ ಕಂಬಗಳ ಮೇಲ್ಭಾಗ, ಇವು 1962ರವೇ. ಆಕಾರ ಮಾತ್ರ ಎಂದರೆ ಇವಕ್ಕೆ ಅನ್ಯಾಯ. ಚಾವಣಿಯಿಂದಾಗಿ ವಿನ್ಯಾಸಕಾರರ ಕೈ ಎಷ್ಟು ಕಟ್ಟಿತ್ತು ಎಂಬುದಕ್ಕೂ ಒಳಗೆ ಸಾಕ್ಷಿಯಿದೆ. ಬೇರೆ ಅಂಗಳಗಳಂತೆ ನಡುವಿನಲ್ಲಿ ಒಂದು ದೈತ್ಯ ಅಂಕಫಲಕ ಇಲ್ಲಿಲ್ಲ, ಎರಡು ತುದಿಗಳಲ್ಲಿ ಎರಡು ತ್ರಿಕೋನ ಫಲಕಗಳಿವೆ. ಚಾವಣಿಯ ಇಳಿಜಾರಿಗೆ ಹೊಂದುತ್ತವೆ, ನಡುವಿನ ನೋಟವೂ ತೆರೆದಿರುತ್ತದೆ. ತೊಡಕಿನಿಂದಲೇ ಇಂಥ ಚೆಲುವು ಹುಟ್ಟಿದ್ದು ನನಗೆ ಮೆಚ್ಚುಗೆ.

ನೀಡಲ್ ನೆರೆಯವ:

ಸರಿ, ಮುಂದಿನ ಕ್ರಾಕನ್ ಪಂದ್ಯಕ್ಕೆ ಮನೆಯವರ ಜೊತೆ ಹೋಗುವ ಯೋಚನೆಯಿದೆ. ಆ ಹಳೆಯ ತೋಳು, ಕಂಬಗಳನ್ನು ನೋಡಲು ಎಲ್ಲಿ ನಿಲ್ಲಬೇಕು?

ಗ್ಯಾಲರಿಯವಳು:

ಡೌನ್‌ಟೌನ್‌ನ ವೆಸ್ಟ್‌ಲೇಕ್‌ನಿಂದ ಮೊನೊರೈಲ್ ಹಿಡಿಯಿರಿ, ಅದೂ 1962ರದೇ, ದಾರಿ ಸುಮಾರು ಒಂದು ಮೈಲಿ. ಇಳಿದು ನೇರ ಒಳಗೆ ನುಗ್ಗಬೇಡಿ, ಬೆಳಕಿರುವಾಗಲೇ ಕಟ್ಟಡವನ್ನು ಒಂದು ಸುತ್ತು ಹಾಕಿ. ಓರೆ ತೋಳುಗಳು ಕಾಂಕ್ರೀಟ್ ಆಧಾರದ ಮೇಲೆ ಬಂದು ಕೂರುವ ಜಾಗ ಹೊರಗಿನಿಂದಲೇ ಕಾಣುತ್ತದೆ. ಒಳಗೆ ಹೋದ ಮೇಲೆ ಮೇಲಿನ ಹಂತದಲ್ಲೇ ಸ್ವಲ್ಪ ನಿಂತು ಗಾಜಿನ ಗೋಡೆಯ ಕಡೆ ನೋಡಿ, ಸ್ಪೇಸ್ ನೀಡಲ್ ಕಾಣುವ ಜಾಗ ಹುಡುಕಿ. ಆಮೇಲೆ ಮೆಟ್ಟಿಲಿಳಿಯಿರಿ. ಬಾಗಿಲು ಇರುವುದು ಬಟ್ಟಲಿನ ಮೇಲಂಚಿನಲ್ಲಿ, ಆಟ ನಡೆಯುವುದು ಆಳದಲ್ಲಿ. ವಯಸ್ಸಾದವರು ಜೊತೆಗಿದ್ದರೆ ಮೊದಲೇ ಲಿಫ್ಟ್ ಎಲ್ಲಿದೆ ಎಂದು ಕೇಳಿಕೊಳ್ಳಿ.

ಉಕ್ಕಿನೆಲುಬು:

ಜಾಕೆಟ್ ಒಯ್ಯಿರಿ, ಹಿಮದ ಪಕ್ಕದ ಸಾಲುಗಳಲ್ಲಿ ಚಳಿ ಜಾಸ್ತಿ.